ಸ್ವಲ್ಪ ಜರುಗಿ ಸಾರ್

ರಾಮನವಮಿಯ ದಿನ ಬಿಳಿ ಅಂಗಿ ತೊಟ್ಟು ಚಾಮರಾಜಪೇಟೆಯ ಮೇಲೆ ಸ್ಕೂಟರಿನಲ್ಲಿ ಹೋಗಬಾರದು ಅಂತ ಯಾವ ಪಂಚಾಂಗದಲ್ಲೂ ಬರೆದಿಲ್ಲ. ರಾಹುಕಾಲ, ಗುಳಿಕಕಾಲ, ಯಮಗಂಡಕಾಲ ಎಲ್ಲವನ್ನೂ ನಿಮಿಷ ಸಮೇತ ಬರೆಯುತ್ತಾರೆ. ಪಾನಕಕಾಲ ಒಂದನ್ನು ಮಾತ್ರ ಬಿಟ್ಟುಬಿಟ್ಟಿದ್ದಾರೆ. ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ಇದು ಬೆಳಿಗ್ಗೆ ಹತ್ತಕ್ಕೆ ಶುರುವಾಗಿ ಡ್ರಮ್ಮು ಖಾಲಿಯಾಗುವವರೆಗೆ ಇರುತ್ತದೆ. ಆ ಹೊತ್ತಿನಲ್ಲಿ ಪ್ರತಿ ಮೂಲೆಯಲ್ಲೂ ಒಂದು ಮೇಜು, ಮೇಜಿನ ಮೇಲೆ ರಾಮನ ಪಟ, ಪಟದ ಮುಂದೆ ಸ್ಟೀಲ್ ಡ್ರಮ್ಮು, ಡ್ರಮ್ಮಿನ ಸುತ್ತ ಸೌಟು ಹಿಡಿದ ಹುಡುಗರು. ಅವರ ಕಣ್ಣೆಲ್ಲ ರಸ್ತೆಯ ಮೇಲೆ. ಪೊಲೀಸರ ಕೈಯಿಂದ ಗಲ್ಲಿ ಹಿಡಿದು ತಪ್ಪಿಸಿಕೊಳ್ಳಬಹುದು. ಈ ಹುಡುಗರು ಗಲ್ಲಿಯಲ್ಲೂ ಇರುತ್ತಾರೆ.

ನಾನು ಹನುಮಂತನಗರದಿಂದ ಅಕ್ಕನ ಮನೆಗೆ ಹೊರಟಿದ್ದೆ. ಮೊದಲ ಮೂಲೆಯಲ್ಲಿ ಕೈ ಅಡ್ಡ ಬಂತು. "ಅಂಕಲ್, ನಿಲ್ಸಿ ನಿಲ್ಸಿ! ಪಾನಕ ಕುಡೀದೆ ಹೋಗಂಗಿಲ್ಲ." ಕುಡಿದೆ. ಎರಡನೆಯ ಮೂಲೆಯಲ್ಲಿ ಮಜ್ಜಿಗೆ. ಅದನ್ನೂ ಕುಡಿದೆ. ಆಮೇಲೆ ಹೆಲ್ಮೆಟ್ ತೆಗೆದು ಹಾಕಿ ತೆಗೆದು ಹಾಕಿ ಬೇಸರವಾಗಿ, ಮುಂದಿನ ಮೂಲೆಯಲ್ಲಿ ಬರೀ ಗಾಜು ಮೇಲೆತ್ತಿ ಲೋಟವನ್ನು ಒಳಗೆ ತೂರಿಸಿದೆ. ಹೆಲ್ಮೆಟ್ ತಲೆ ಕಾಯಲು ಮಾಡಿದ್ದು, ಪಾನಕ ಕುಡಿಯಲು ಮಾಡಿದ್ದಲ್ಲ. ಹಿಂದಿನ ಆಟೋದವನು ಹಾರನ್ ಹೊಡೆದ, ನಾನು ಬೆಚ್ಚಿದೆ, ಬೆಲ್ಲದ ನೀರು ಗದ್ದದಿಂದ ಕೊರಳಿಗೆ ಇಳಿದು, ಅಲ್ಲಿಂದ ಅಂಗಿಯ ಗುಂಡಿಗಳ ಸಾಲು ಹಿಡಿದು ಕೆಳಗೆ ಹೊರಟಿತು. ಹುಡುಗನೊಬ್ಬ ಬಹಳ ಕಾಳಜಿಯಿಂದ ಮೇಜು ಒರೆಸುವ ಬಟ್ಟೆಯಲ್ಲೇ ನನ್ನ ಎದೆ ಒರೆಸಿದ. ಅದಕ್ಕೂ ಮುಂಚೆ ಆ ಬಟ್ಟೆ ಮಜ್ಜಿಗೆ ಒರೆಸಿತ್ತು. ಅಂಗಿಯ ಮೇಲೆ ಒಂದೆರಡು ಸಾಸಿವೆ ಕಾಳು, ಒಂದು ಕರಿಬೇವಿನ ಎಲೆ ಕೂತವು. ಒಗ್ಗರಣೆ ಹಾಕಿಸಿಕೊಂಡೇ ನಾನು ಅಕ್ಕನ ಮನೆ ಬಾಗಿಲು ತಟ್ಟಿದೆ. ಅಕ್ಕ ಮೇಲಿನಿಂದ ಕೆಳಗಿನವರೆಗೆ ನೋಡಿ, "ಬಾರೋ, ಬಿಸಿಲಲ್ಲಿ ಬಂದಿದೀಯ, ಒಂದು ಲೋಟ ಪಾನಕ ಕುಡಿ" ಅಂದಳು.

ಪಾನಕದ ಬಗ್ಗೆ ನನಗೆ ದೂರಿಲ್ಲ. ಬೆಲ್ಲದ ನೀರಿಗೆ ಶುಂಠಿ, ಏಲಕ್ಕಿ, ಮೆಣಸು ಹಾಕಿ ದೇವರ ಹೆಸರಿನಲ್ಲಿ ಬೀದಿಯವರಿಗೆಲ್ಲ ಕುಡಿಸುವ ಉಪಾಯ ಹೊಳೆದವನಿಗೆ ಚೈತ್ರಮಾಸ ಏನೆಂದು ಚೆನ್ನಾಗಿ ಗೊತ್ತಿತ್ತು. ನೆನೆಸಿದ ಹೆಸರುಬೇಳೆ, ಸೌತೆಕಾಯಿ, ಮಾವಿನಕಾಯಿ ತುರಿಯ ಕೋಸಂಬರಿ, ಕರಬೂಜದ ರಸಾಯನ, ದಾನ ಕೊಡುವ ಬೀಸಣಿಗೆ, ಒಂದಾದರೂ ಒಲೆಯ ಹತ್ತಿರ ನಿಂತು ಬೆವರುವ ಕೆಲಸವಲ್ಲ. ಹೋಳಿಗೆ, ಕಡುಬು, ಚಕ್ಕುಲಿ ಕೇಳುವ ದೇವರುಗಳ ನಡುವೆ ಅಡುಗೆಮನೆಯ ಮೇಲೆ ಇಷ್ಟು ಕನಿಕರ ತೋರಿಸಿದವನು ರಾಮನೊಬ್ಬನೇ. ಸೀತಮ್ಮ ಹೇಳಿಕೊಟ್ಟಿರಬೇಕು.

ಹಿಂದೆ ಬೆಂಗಳೂರಿಗೆ ಇಷ್ಟೆಲ್ಲ ತಂಪು ಬೇಕಿರಲಿಲ್ಲ ಅನ್ನುವವರಿದ್ದಾರೆ. ನಮ್ಮ ಊರು ತಾನು ಊಟಿಯ ದೊಡ್ಡಪ್ಪನ ಮಗ ಅಂತ ಬಹಳ ಕಾಲ ಹೇಳಿಕೊಂಡು ತಿರುಗಿತು. 2016ರ ಏಪ್ರಿಲ್ 24ರಂದು ಉಷ್ಣಾಂಶ 39.2 ಡಿಗ್ರಿಗೆ ಏರಿದ ಮೇಲೆ ಆ ನೆಂಟಸ್ತನದ ಮಾತು ಕಡಿಮೆಯಾಗಿದೆ. ಆದರೂ ನಮ್ಮ ಬೀದಿಯ ಹಿರಿಯರು ಸ್ವೆಟರ್ ಕಥೆ ಬಿಡುವುದಿಲ್ಲ. ಏಪ್ರಿಲ್‌ನಲ್ಲಿ ಸ್ವೆಟರ್ ಹಾಕಿಕೊಂಡು ಲಾಲ್‌ಬಾಗಿಗೆ ವಾಕಿಂಗ್ ಹೋಗುತ್ತಿದ್ದರಂತೆ. ನನಗೆ ನಂಬಿಕೆ ಬರುವುದಿಲ್ಲ. ಎದುರು ಮಾತಾಡಿದರೆ ಇನ್ನೂ ಹಳೆಯ ಸ್ವೆಟರ್ ತೆಗೆಯುತ್ತಾರೆ ಅಂತ ಸುಮ್ಮನಿರುತ್ತೇನೆ.

ನನ್ನ ಎತ್ತರ ಐದಡಿ ಎರಡಿಂಚು. ಈ ವಿಷಯ ಇಲ್ಲಿ ಏಕೆ ಬಂತು ಅಂತ ಕೇಳಬೇಡಿ, ಮುಂದಿನದೆಲ್ಲ ಇದರ ಮೇಲೇ ನಿಂತಿದೆ. ಬೇಸಿಗೆ ಬಂದರೆ ಈ ಊರಿನಲ್ಲಿ ಒಂದರ ಹಿಂದೊಂದು ಉತ್ಸವ. ರಾಮೋತ್ಸವದ ಕಚೇರಿಗಳು, ಕರಗ, ಹಲಸೂರಿನ ಪಲ್ಲಕ್ಕಿಗಳು, ಸುತ್ತಲಿನ ಹಳ್ಳಿಗಳ ಜಾತ್ರೆ, ಅಣ್ಣಮ್ಮ, ಮಾವಿನ ಮೇಳ. ಇವೆಲ್ಲಕ್ಕೂ ನಾನು ತಪ್ಪದೆ ಹೋಗಿದ್ದೇನೆ, ಹೋದಲ್ಲೆಲ್ಲ ಹಿಂದೆ ನಿಂತಿದ್ದೇನೆ. ದೇವರಿಗಿಂತ ಜಾಸ್ತಿ ಜನರ ಕತ್ತು ನೋಡಿದ್ದೇನೆ. ಮುಂದೆ ನುಗ್ಗುವುದು ಒಂದು ಕಲೆ. ನನ್ನ ಭಾವನವರಿಗೆ ಅದು ಸಿದ್ಧಿಸಿದೆ. "ಸ್ವಲ್ಪ ಜರುಗಿ ಸಾರ್" ಅನ್ನುತ್ತಾ ಅವರು ಗರ್ಭಗುಡಿಯ ಹೊಸ್ತಿಲವರೆಗೆ ಹೋಗಿ ಬರುತ್ತಾರೆ. ಅದೇ ಮಾತನ್ನು ನಾನು ಹೇಳಿದರೆ ಎದುರಿನವರು ನನ್ನ ಮೇಲೇ ಜರುಗುತ್ತಾರೆ.

ಕೋಟೆ ಪ್ರೌಢಶಾಲೆಯ ಮೈದಾನದ ಸಂಗೀತವನ್ನೇ ತೆಗೆದುಕೊಳ್ಳಿ. ಅದನ್ನು ನಡೆಸುವ ಶ್ರೀರಾಮಸೇವಾ ಮಂಡಳಿಯನ್ನು ಎಸ್.ವಿ. ನಾರಾಯಣಸ್ವಾಮಿ ರಾಯರು 1939ರಲ್ಲಿ ಶುರುಮಾಡಿದರು. ಎಂ.ಎಸ್. ಸುಬ್ಬುಲಕ್ಷ್ಮಿಯಂಥವರು ಹಾಡಿದ ಚಪ್ಪರ ಅದು. ರಾಮ ಹುಟ್ಟಿದ್ದು ಒಂದು ದಿನ, ನಾವು ಹಾಡುವುದು ಹೆಚ್ಚುಕಡಿಮೆ ಒಂದು ತಿಂಗಳು. ಮುಂದಿನ ಸಾಲುಗಳಲ್ಲಿ ಕುಳಿತವರು ರೇಷ್ಮೆ ಶಲ್ಯ ಹೊದ್ದು, ಅರ್ಧ ಕಣ್ಣು ಮುಚ್ಚಿ, ಕಲಾವಿದರಿಗೆ ಕಾಣುವ ಹಾಗೆ ತಲೆಯಾಡಿಸುತ್ತಾರೆ. ಅದು ಜವಾಬ್ದಾರಿಯ ಜಾಗ, ಅಲ್ಲಿ ಆಕಳಿಸಿದರೆ ಪಲ್ಲವಿ ಕೆಡುತ್ತದೆ. ಹಿಂದಿನ ಸಾಲಿಗೆ ಅಂಥ ಬಂಧನವಿಲ್ಲ. ಪಕ್ಕದಲ್ಲಿ ಮೊಮ್ಮಗಳ ಹೋಮ್‌ವರ್ಕ್ ನಡೆಯುತ್ತಿರುತ್ತದೆ. ಯಾರೋ ಚಪ್ಪಲಿ ಬಿಟ್ಟು ಕಾಲನ್ನು ಮುಂದಿನ ಖಾಲಿ ಕುರ್ಚಿಯ ಮೇಲೆ ಚಾಚಿರುತ್ತಾರೆ. ಮಾರ್ಕೆಟ್ ಕಡೆಯಿಂದ ಬರುವ ಬಸ್ಸಿನ ಹಾರನ್ನು ಒಮ್ಮೊಮ್ಮೆ ಶ್ರುತಿಗೆ ಸರಿಯಾಗಿ ಸೇರುವುದೂ ಉಂಟು.

ರಾಗ ಗುರುತಿಸುವವರೂ ಅಲ್ಲೇ ಇರುತ್ತಾರೆ. ಆಲಾಪನೆ ಶುರುವಾಗುವುದೇ ತಡ, ನನ್ನ ಎಡಗಡೆಯ ಹಿರಿಯರು "ಆನಂದಭೈರವಿ" ಅಂದರು. ಬಲಗಡೆಯವರು ನನ್ನ ಮೇಲಿಂದ ಬಾಗಿ, "ರೀತಿಗೌಳ ಸ್ವಾಮಿ" ಅಂದರು. ನಾನು ನಡುವೆ. "ನೀವೇನಂತೀರಿ?" ಅಂತ ಇಬ್ಬರೂ ನನ್ನನ್ನು ಕೇಳಿದರು. ನನಗೆ ಮೋಹನ, ಕಲ್ಯಾಣಿ ಬಿಟ್ಟರೆ ಉಳಿದದ್ದೆಲ್ಲ ಒಂದೇ. ಗಂಟಲು ಸರಿಮಾಡಿಕೊಂಡು, "ಇನ್ನೂ ಸ್ವಲ್ಪ ಬಿಡಿಸಲಿ" ಅಂದೆ. ಇಬ್ಬರೂ ಗೌರವದಿಂದ ತಲೆಯಾಡಿಸಿದರು. ಆ ಒಂದು ಮಾತಿನ ಬಲದಿಂದ ಅಂದು ಇಡೀ ಸಂಜೆ ನಾನು ವಿದ್ವಾಂಸನಾಗಿದ್ದೆ. ಬಲಗಡೆಯವರು ತಮ್ಮ ಹುರಿಗಾಳಿನ ಪೊಟ್ಟಣವನ್ನು ನನ್ನ ಮುಂದೆ ಹಿಡಿದರು. ಅಷ್ಟರಲ್ಲಿ ಗುಡುಗು ಬಂದು ಚಪ್ಪರದ ಮೇಲೆ ದಪ್ಪ ಹನಿ ಬಿದ್ದವು. ಭರಣಿ ಮಳೆ ಧರಣಿಗೆ ಒಳ್ಳೆಯದಂತೆ. ಚಪ್ಪರಕ್ಕೆ ಅದರಿಂದ ಪ್ರಯೋಜನವಿಲ್ಲ. ಹಿಂದಿನ ಸಾಲಿನ ನಾವು ಕುರ್ಚಿಗಳನ್ನು ತಲೆಯ ಮೇಲೆ ಹೊತ್ತು ಮುಂದಕ್ಕೆ ನುಗ್ಗಿದೆವು. ವೇದಿಕೆಯ ಮೇಲಿನ ವಿದ್ವಾಂಸರ ಮುಖವನ್ನು ನಾನು ಹತ್ತಿರದಿಂದ ನೋಡಿದ್ದು ಅದೊಂದೇ ಸಲ. ಅದು ಯಾವ ರಾಗ ಅಂತ ಮಳೆಯ ಸದ್ದಿನಲ್ಲಿ ಕೊನೆಗೂ ಗೊತ್ತಾಗಲಿಲ್ಲ.

ಕರಗಕ್ಕೆ ಹೀಗೆ ಕುರ್ಚಿ ಹೊತ್ತು ಹೋಗುವಂತಿಲ್ಲ. ಚೈತ್ರ ಹುಣ್ಣಿಮೆಯ ರಾತ್ರಿ ತಿಗಳರಪೇಟೆಯ ಧರ್ಮರಾಯಸ್ವಾಮಿ ದೇವಸ್ಥಾನದಿಂದ ಕರಗ ಹೊರಡುತ್ತದೆ. ಎಷ್ಟು ಗಂಟೆಗೆ ಅಂತ ಕೇಳಿದರೆ ಪೇಟೆಯವರು ನಿಮ್ಮನ್ನು ಕನಿಕರದಿಂದ ನೋಡುತ್ತಾರೆ. ದೇವಿ ಹೊರಟಾಗ ಹೊರಟಂತೆ. ಮದುವೆಯಲ್ಲಿ ಹೆಣ್ಣು ಸಿಂಗಾರವಾಗಿ ಬರಲು ಕಾಯುತ್ತೀರಲ್ಲ, ದ್ರೌಪದಿಗೆ ಕಾಯುವುದಕ್ಕೇನು? ಹೊತ್ತವರು ಗಂಡಸಾದರೂ ಆ ರಾತ್ರಿ ಹೆಣ್ಣಿನ ಉಡುಗೆ, ಕೈತುಂಬ ಬಳೆ. ತಲೆಯ ಮೇಲೆ ಮಲ್ಲಿಗೆಯಿಂದ ಮುಚ್ಚಿದ ಕರಗ. ಅದನ್ನು ಕೈಯಲ್ಲಿ ಮುಟ್ಟುವಂತಿಲ್ಲ. ಸುತ್ತ ಬಿಚ್ಚುಗತ್ತಿ ಹಿಡಿದ ವೀರಕುಮಾರರು. ಇದನ್ನು ಹೊರುವ ಹಕ್ಕು ತಿಗಳ ಸಮುದಾಯದ್ದು. ಊರಿಗೆ ಹೂವು, ತರಕಾರಿ, ಹಣ್ಣು ಬೆಳೆದುಕೊಟ್ಟ ಜನ ಅವರು. ಊರು ಅವರ ತೋಟಗಳನ್ನು ನುಂಗಿ ಬೆಳೆಯಿತು. ವರ್ಷಕ್ಕೊಂದು ರಾತ್ರಿ ಮಾತ್ರ ಇಡೀ ಪೇಟೆ ಮತ್ತೆ ಅವರದಾಗುತ್ತದೆ.

ನಾವು ಅವೆನ್ಯೂ ರಸ್ತೆಯ ಒಂದು ಪುಸ್ತಕದಂಗಡಿಯ ಮೆಟ್ಟಿಲ ಮೇಲೆ ಜಾಗ ಹಿಡಿದಿದ್ದೆವು. ಮೆಟ್ಟಿಲು ಸಿಕ್ಕಿತೆಂದು ನನಗೆ ಸಂಭ್ರಮ, ಒಂಬತ್ತಿಂಚು ಸಿಕ್ಕಿದರೆ ನನ್ನಂಥವನಿಗೆ ಬಡ್ತಿ ಸಿಕ್ಕ ಹಾಗೆ. ಹನ್ನೊಂದಕ್ಕೊಂದು ಸಲ "ಬಂತು ಬಂತು" ಅಂದರು. ಬಂದದ್ದು ಐಸ್‌ಕ್ರೀಮ್ ಗಾಡಿ. ಒಂದು ಗಂಟೆಗೆ ಮತ್ತೆ "ಬಂತು" ಅಂದರು, ನೀರಿನ ಟ್ಯಾಂಕರ್ ಬಂತು. ನಡುವೆ ಕಡಲೆಕಾಯಿ, ಸೌತೆಕಾಯಿಗೆ ಖಾರ ಹಚ್ಚಿದ್ದು, ಮಲಗಿದ ಮಕ್ಕಳು, ಮಲಗದ ಮಕ್ಕಳು. ಪಕ್ಕದಲ್ಲಿ ಹೂವಿನ ವ್ಯಾಪಾರಿಯೊಬ್ಬರು ನಿಂತಿದ್ದರು. ಮಲ್ಲಿಗೆಯ ಬೆಲೆ ಈ ವಾರ ಯಾಕೆ ಆಕಾಶಕ್ಕೇರುತ್ತದೆ ಅಂತ ಅವರು ವಿವರಿಸಿದರು. ಬಿಡಿ ಹೂವು ಯಾವ ಊರಿನಿಂದ ಬಂದರೆ ರಾತ್ರಿಯೆಲ್ಲ ಬಾಡುವುದಿಲ್ಲ ಅಂತಲೂ ಹೇಳಿಕೊಟ್ಟರು. ಒಬ್ಬ ಅಜ್ಜಿ ತಾನು ಮದುವೆಯಾಗಿ ಬಂದ ವರ್ಷದಿಂದ ಇದೇ ಮೆಟ್ಟಿಲ ಮೇಲೆ ಕೂರುವುದಾಗಿ ಹೇಳಿ, ನನ್ನನ್ನು ಒಂದು ಮೆಟ್ಟಿಲು ಕೆಳಗಿಳಿಸಿದರು. ಬಡ್ತಿ ಹೋಯಿತು.

ಕೊನೆಗೆ ನಿಜವಾಗಿಯೂ ಬಂತು. ಗೋವಿಂದಾ ಗೋವಿಂದಾ ಅಂತ ಕೂಗು ಎದ್ದು ಜನ ಒತ್ತಿಬಂದರು. ನನ್ನ ಮುಂದೆ ಒಬ್ಬ ಎತ್ತರದ ಆಸಾಮಿ, ಅವನ ಹೆಗಲ ಮೇಲೆ ನಾಲ್ಕೈದು ವರ್ಷದ ಹುಡುಗಿ. ನನಗೆ ಕಂಡದ್ದು ಅವಳ ಬಿಳಿ ಕಾಲ್ಚೀಲ. "ಪುಟ್ಟೀ, ಏನು ಕಾಣ್ತಿದೆ?" ಅಂದೆ. "ಹೂವು" ಅಂದಳು. "ಆಮೇಲೆ?" "ಕತ್ತಿ." "ಆಮೇಲೆ?" "ಪೊಲೀಸ್ ಮಾಮ." "ಕರಗ ಕಾಣ್ತಿಲ್ವಾ?" "ಹೂವು ಅಂದೆ ಅಲ್ವಾ!" ಅಂತ ಗದರಿದಳು. ಸರಿಯೇ. ಅಷ್ಟರಲ್ಲಿ ನನಗೂ ತಲೆಗಳ ಮೇಲೆ ಒಂದು ಬೆಳ್ಳನೆಯ ಗೋಪುರ ಕ್ಷಣಕಾಲ ಕಂಡಿತು. ಒಂದಿಷ್ಟೂ ಅಲುಗದೆ, ಆದರೆ ಓಟದ ವೇಗದಲ್ಲಿ ಸಾಗಿಹೋಯಿತು. ಜನ ಎರಚಿದ ಮಲ್ಲಿಗೆಯಲ್ಲಿ ಗುರಿ ತಪ್ಪಿದ್ದೆಲ್ಲ ನನ್ನ ಬೊಕ್ಕತಲೆಯ ಮೇಲೆ ಬಿತ್ತು. ಹುಡುಗಿ ಮೇಲಿಂದ ನೋಡಿ ಕಿಲಕಿಲ ನಕ್ಕಳು. ಅವಳ ಮಟ್ಟಿಗೆ ಆ ರಾತ್ರಿ ನೋಡುವಂಥದ್ದು ಎರಡು ಇದ್ದವು.

ಇನ್ನೊಂದು ವರ್ಷ ಕಾಲು ಉಳುಕಿ ಮನೆಯಲ್ಲೇ ಟೀವಿಯಲ್ಲಿ ಕರಗ ನೋಡಿದೆ. ಎಲ್ಲ ಸ್ಪಷ್ಟ. ಬಳೆಯ ಬಣ್ಣ ಕಂಡಿತು, ಹೂವಿನ ನೇಯ್ಗೆ ಕಂಡಿತು, ಕ್ಯಾಮೆರಾ ವೀರಕುಮಾರರ ಭುಜದ ಬೆವರನ್ನೂ ತೋರಿಸಿತು. ಜೀವಮಾನದಲ್ಲಿ ಮೊದಲ ಸಲ ನನಗೆ ಮುಂದಿನ ಸಾಲು ಸಿಕ್ಕಿತ್ತು. ಹಾಗೇ ಸೋಫಾ ಮೇಲೆ ನಿದ್ದೆಹೋದೆ. ಎದ್ದಾಗ ಟೀವಿಯಲ್ಲಿ ಯಾರೋ ಮೊಣಕಾಲು ನೋವಿನ ಎಣ್ಣೆ ಮಾರುತ್ತಿದ್ದರು. ಕಾಯುವಾಗ ಪಕ್ಕದಲ್ಲಿ ಅಜ್ಜಿ ಇಲ್ಲ, ಐಸ್‌ಕ್ರೀಮ್ ಗಾಡಿಗೆ ಮೋಸಹೋಗುವ ಸುಖವಿಲ್ಲ, ಹಾಗಿದ್ದಮೇಲೆ ಎಚ್ಚರವಾಗಿ ಇರುವುದಾದರೂ ಹೇಗೆ? 2020ರಲ್ಲೂ ಮರುವರ್ಷವೂ ಕೊರೋನಾ ಕಾರಣದಿಂದ ಮೆರವಣಿಗೆ ಬೀದಿಗೇ ಬರಲಿಲ್ಲ. ಆ ಅಜ್ಜಿ ಆ ರಾತ್ರಿಗಳನ್ನು ಏನು ಮಾಡಿ ಕಳೆದರೋ.

ದಾರಿಯಲ್ಲಿ ಕರಗ ಕಾಟನ್‌ಪೇಟೆಯ ತವಕ್ಕಲ್ ಮಸ್ತಾನ್ ದರ್ಗಾಕ್ಕೂ ಹೋಗಿ ಬರುತ್ತದೆ. ಸೌಹಾರ್ದದ ಭಾಷಣಗಳಲ್ಲಿ ಇದನ್ನು ಎಷ್ಟು ಸಲ ಬಳಸಿದ್ದಾರೆಂದರೆ, ನಿಜವಾಗಿ ಅಲ್ಲಿ ನಿಂತವರಿಗೆ ಅದು ವಿಶೇಷವೇ ಅನ್ನಿಸುವುದಿಲ್ಲ. ಬೀದಿಯಲ್ಲಿ ಹಿರಿಯರ ಮನೆ ಇದೆ, ಹೋದಾಗ ಒಂದು ಗಳಿಗೆ ನಿಂತು ಹೋಗಬೇಕು, ಅಷ್ಟೇ. ನನಗೆ ಅದಕ್ಕಿಂತ ಸೋಜಿಗದ್ದು ಇನ್ನೊಂದು. ಕರಗದ ವಿಧಿಗಳು ಸಂಪಂಗಿ ಕೆರೆಯನ್ನು ಬಿಟ್ಟಿಲ್ಲ. ಕೆರೆ ಮಾತ್ರ ಜಾಗ ಬಿಟ್ಟು ಎಷ್ಟೋ ಕಾಲವಾಯಿತು. ಅದರ ಮೇಲೆ ಕಂಠೀರವ ಕ್ರೀಡಾಂಗಣ ಕೂತಿದೆ, ಪಕ್ಕದಲ್ಲಿ ಒಂದು ಚಿಕ್ಕ ಕೊಳ ಉಳಿದಿದೆ. ಊರದೇವತೆ ಅಣ್ಣಮ್ಮನ ಕಥೆಯೂ ಹೀಗೆಯೇ. ಆಕೆಯ ಗುಡಿಯ ಬಳಿ ಧರ್ಮಾಂಬುಧಿ ಕೆರೆ ಇತ್ತು. ಈಗ ಅಲ್ಲಿ ಮೆಜೆಸ್ಟಿಕ್ ಬಸ್ ನಿಲ್ದಾಣ. ಕೆರೆದಂಡೆಯ ತಂಗಾಳಿಗೆ ಕೂತ ತಾಯಿ ಇಂದು ತುಮಕೂರು, ಹಾಸನ, ಮಂಗಳೂರು ಅಂತ ಕೂಗುವ ಕಂಡಕ್ಟರುಗಳ ನಡುವೆ ಕೂತಿದ್ದಾಳೆ. ನಾವಾದರೆ ಮನೆ ಬದಲಾಯಿಸುತ್ತಿದ್ದೆವು.

ಅದಕ್ಕೇ ಇರಬೇಕು, ಅಣ್ಣಮ್ಮ ಅವಕಾಶ ಸಿಕ್ಕಾಗಲೆಲ್ಲ ಊರು ಸುತ್ತಲು ಹೊರಡುತ್ತಾಳೆ. ಬಡಾವಣೆಯವರು ಗುಡಿಯಿಂದ ಆಕೆಯ ಉತ್ಸವಮೂರ್ತಿಯನ್ನು ತಮಟೆ, ಸೀರಿಯಲ್ ಲೈಟು ಸಮೇತ ಕರೆತಂದು ಚಪ್ಪರದಲ್ಲಿ ಕೂರಿಸುತ್ತಾರೆ. ಹೆಂಗಸರು ತಂಬಿಟ್ಟಿನ ಆರತಿ ಹೊತ್ತು ಬರುತ್ತಾರೆ, ಅನ್ನದಾನ ಆಗುತ್ತದೆ, ಕೊನೆಯ ರಾತ್ರಿ ಆರ್ಕೆಸ್ಟ್ರಾ. ನಮ್ಮ ಕ್ರಾಸಿನಲ್ಲಿ ಸ್ಟೇಜು ಹಾಕುವುದು ಸರಿಯಾಗಿ ನಮ್ಮ ಕಾಂಪೌಂಡಿಗೆ ಒರಗಿಸಿ. ಹಾಗಾಗಿ ನಮಗೆ ಕಾಣುವುದು ಸ್ಟೇಜಿನ ಬೆನ್ನು. ಬ್ಯಾನರಿನ ಹಿಂಬದಿ, ಬೊಂಬಿನ ಕಟ್ಟು, ವೈರಿನ ಸಿಕ್ಕು. ನೋಡಿ, ನನ್ನ ಹಣೆಬರಹ ನನ್ನ ಮನೆಗೇ ಹುಡುಕಿಕೊಂಡು ಬಂದಿದೆ.

ಆದರೆ ಸ್ಟೇಜಿನ ಹಿಂದಿರುವ ಮನೆಗೆ ಒಂದು ಅನುಕೂಲವಿದೆ. ಕಲಾವಿದರು ಬಟ್ಟೆ ಬದಲಾಯಿಸುವುದು ನಮ್ಮ ಹಾಲಿನಲ್ಲಿ. ಕಳೆದ ಬಾರಿ ರಾಜ್‌ಕುಮಾರ್ ಅವರ ವೇಷದವರು ನಮ್ಮ ಅಡುಗೆಮನೆಗೆ ಬಂದು, "ಅಮ್ಮಾ, ಸ್ವಲ್ಪ ಬಿಸಿನೀರು, ಒಂದು ಚಿಟಿಕೆ ಉಪ್ಪು" ಅಂತ ಕೇಳಿ ಗಂಟಲು ಮುಕ್ಕಳಿಸಿದರು. ವಿಷ್ಣುವರ್ಧನ್ ವೇಷದವರಿಗೆ ಕೈಯ ಕಡಗ ಸಡಿಲವಾಗಿ, ನನ್ನ ಹೆಂಡತಿ ಅದಕ್ಕೆ ದಾರ ಸುತ್ತಿಕೊಟ್ಟಳು. ಇಬ್ಬರೂ ಹಗಲು ಕೆಲಸಕ್ಕೆ ಹೋಗುವವರು. ಒಬ್ಬರದು ಮೊಬೈಲ್ ರಿಪೇರಿ ಅಂಗಡಿ, ಇನ್ನೊಬ್ಬರು ಶಾಲಾ ವ್ಯಾನು ಓಡಿಸುತ್ತಾರೆ. ಬೇಸಿಗೆಯ ಎರಡು ತಿಂಗಳು ಅವರಿಗೆ ನಿದ್ದೆಯಿಲ್ಲ. ಇವತ್ತು ನಮ್ಮ ಕ್ರಾಸು, ನಾಳೆ ಮಾಗಡಿ ರಸ್ತೆ, ನಾಳಿದ್ದು ನೆಲಮಂಗಲದ ಕಡೆ ಯಾವುದೋ ಊರಹಬ್ಬ. ರಾಜ್ ವೇಷದವರು ಸ್ಟೇಜು ಹತ್ತುವ ಮುಂಚೆ ನಮ್ಮ ಗೇಟಿನ ಹತ್ತಿರ ಒಂದು ಗಳಿಗೆ ಸುಮ್ಮನೆ ನಿಂತರು. ಭುಜ ನೇರವಾಯಿತು, ಕತ್ತು ಒಂಚೂರು ಓರೆಯಾಯಿತು, ಕಣ್ಣಿಗೆ ಅದೊಂದು ನಗೆ ಬಂತು. ವ್ಯಾನ್ ಡ್ರೈವರು ಗೇಟಿನ ಹತ್ತಿರವೇ ಉಳಿದ, ಮೆಟ್ಟಿಲು ಹತ್ತಿದ್ದು ಬೇರೆಯವರು. ಮುಂದೆ ಕೂತು ಸಿಳ್ಳೆ ಹೊಡೆದ ಸಾವಿರ ಜನರಿಗೆ ಈ ಗಳಿಗೆ ಸಿಗಲಿಲ್ಲ. ಆರ್ಕೆಸ್ಟ್ರಾ ಮುಗಿಯುವ ಹೊತ್ತಿಗೆ ನಮ್ಮ ಕಿಟಕಿ ಗಾಜು, ಪಾತ್ರೆ, ನನ್ನ ಒಂದು ಅಲುಗುವ ಹಲ್ಲು ಎಲ್ಲವೂ ತಾಳಕ್ಕೆ ಸರಿಯಾಗಿ ಅದುರುತ್ತಿದ್ದವು. ಈ ಶಬ್ದದ ಬಗ್ಗೆ ನನಗೆ ಮುನಿಸಿದೆ. ಪರೀಕ್ಷೆಗೆ ಓದುವ ಮಕ್ಕಳು, ಕಾಯಿಲೆಯವರು ಇರುವ ಬೀದಿಯಲ್ಲಿ ಅಷ್ಟು ದೊಡ್ಡ ಸ್ಪೀಕರು ಬೇಡ. ದೇವಿಗೆ ಕಿವಿ ಚೆನ್ನಾಗಿಯೇ ಕೇಳುತ್ತದೆ ಅಂತ ಹುಡುಗರಿಗೆ ಹೇಳಿದ್ದೇನೆ. ಅವರು "ಸರಿ ಸಾರ್" ಅಂದು ಒಂದು ಸ್ಪೀಕರನ್ನು ನಮ್ಮ ಮನೆ ಕಡೆಯಿಂದ ಎದುರುಮನೆ ಕಡೆ ತಿರುಗಿಸಿದರು.

ಊರಾಚೆಯ ಜಾತ್ರೆಗಳಲ್ಲಿ ಮಾತ್ರ ನನ್ನ ಎತ್ತರ ತೊಡಕಾಗುವುದಿಲ್ಲ. ಆನೇಕಲ್ ತಾಲ್ಲೂಕಿನ ಹುಸ್ಕೂರು ಮದ್ದೂರಮ್ಮನ ಜಾತ್ರೆಗೆ ಸುತ್ತಲಿನ ಹಳ್ಳಿಯವರು ಎಳೆದು ತರುವ ತೇರುಗಳು ನೂರು ಅಡಿಗೂ ಎತ್ತರ. ಒಂದು ಮೈಲಿ ದೂರದಲ್ಲಿ ನಿಂತರೂ ಕಾಣುತ್ತವೆ. ಹಿಂದೆ ಎತ್ತುಗಳೇ ಎಳೆಯುತ್ತಿದ್ದವು, ಈಗ ಟ್ರ್ಯಾಕ್ಟರು, ಜೆಸಿಬಿಗಳೂ ಹೆಗಲು ಕೊಡುತ್ತವೆ. ತೇರು ದಾಟುವಾಗ ಕರೆಂಟ್ ವೈರು ಬಿಚ್ಚಬೇಕು, ಬಿಚ್ಚಲು ಕರೆಂಟ್ ತೆಗೆಯಬೇಕು. ಪಕ್ಕದಲ್ಲೇ ಎಲೆಕ್ಟ್ರಾನಿಕ್ ಸಿಟಿ. ಅಮೆರಿಕದ ಗಡಿಯಾರಕ್ಕೆ ದುಡಿಯುವ ಗಾಜಿನ ಕಟ್ಟಡಗಳ ಮಗ್ಗುಲಲ್ಲಿ, ಹೊಲದ ಬದುವಿನ ಮೇಲೆ, ತನ್ನದೇ ಗಡಿಯಾರಕ್ಕೆ ಓಲಾಡುತ್ತಾ ಬರುವ ತೇರು. ಅಷ್ಟು ಎತ್ತರಕ್ಕೆ ಕಟ್ಟುವ ಪೈಪೋಟಿ ಸರಿಯೇ ಅಂತ ಕೇಳಿದರೆ, ಸರಿಯಲ್ಲ. 2024ರಲ್ಲಿ ಒಂದು ತೇರು ಉರುಳಿತು, 2025ರಲ್ಲಿ ಮತ್ತೆ ಉರುಳಿ ಜೀವವೇ ಹೋಯಿತು. ಅಮ್ಮನಿಗೆ ನಲವತ್ತು ಅಡಿ ಸಾಕು ಅಂತ ಅಮ್ಮನೇ ಯಾರ ಮೈಮೇಲಾದರೂ ಬಂದು ಹೇಳಿದರೆ ಚೆನ್ನ. ನಾವು ಹೇಳಿದರೆ ಕೇಳುವುದಿಲ್ಲ, ಅದರಲ್ಲೂ ಐದಡಿ ಎರಡಿಂಚಿನವನು ಎತ್ತರದ ಬಗ್ಗೆ ಮಾತಾಡಿದರೆ ಹೊಟ್ಟೆಕಿಚ್ಚು ಅನ್ನುತ್ತಾರೆ.

ಮೇ ತಿಂಗಳು ಅರ್ಧಕ್ಕೆ ಬರುವಾಗ ದೇವರುಗಳೆಲ್ಲ ಒಂದು ಸುತ್ತು ಗುಡಿ ಸೇರಿ, ಮಾವಿನಹಣ್ಣು ಮೆರವಣಿಗೆ ಹೊರಡುತ್ತದೆ. ಲಾಲ್‌ಬಾಗಿನ ಮೇಳಕ್ಕೆ ಕಾರ್ಬೈಡ್ ಹಾಕದ ಹಣ್ಣು ಸಿಗುತ್ತದೆ ಅಂತ ಜನ ಚೀಲದೊಳಗೆ ಚೀಲ ಇಟ್ಟುಕೊಂಡು ಬರುತ್ತಾರೆ. ಮಾವು ಕೊಳ್ಳುವಾಗ ಬೆಂಗಳೂರಿನ ಸಭ್ಯಸ್ತರು ನಾಚಿಕೆ ಬಿಡುತ್ತಾರೆ. ಟೈ ಕಟ್ಟಿದವರೂ ಹಣ್ಣಿನ ತೊಟ್ಟಿಗೆ ಮೂಗು ಹಚ್ಚಿ ಕಣ್ಣು ಮುಚ್ಚುತ್ತಾರೆ. ಬಾದಾಮಿ, ರಸಪುರಿ, ಮಲಗೋವ, ಮಲ್ಲಿಕಾ, ಸೇಂದೂರ. ನನ್ನ ಸರದಿ ಬರುವ ಹೊತ್ತಿಗೆ ಯಾವಾಗಲೂ ಉಳಿದಿರುವುದು ತೋತಾಪುರಿ. ಶ್ರೀನಿವಾಸಪುರದ ಕಡೆಯ ರೈತರೊಬ್ಬರು ಖಾಲಿ ಕ್ರೇಟುಗಳನ್ನು ಒಂದರ ಮೇಲೊಂದು ಪೇರಿಸುತ್ತಾ, "ಬೆಳಿಗ್ಗೆ ಬರ್ಬೇಕಿತ್ತು ಸ್ವಾಮಿ, ಬಾದಾಮಿ ಎಲ್ಲ ಹೋಯ್ತು" ಅಂದರು. ಹಣ್ಣು ಮುಗಿದಿದ್ದರಿಂದ ಅವರಿಗೂ ಪುರುಸೊತ್ತಿತ್ತು. ಇಬ್ಬರೂ ಕ್ರೇಟುಗಳ ಮೇಲೆ ಕೂತೆವು.

ಕಾಯಿಯನ್ನು ಭತ್ತದ ಹುಲ್ಲಿನಲ್ಲಿ ಹೇಗೆ ಹರಡಬೇಕು, ಒಂದಕ್ಕೊಂದು ತಾಗದಂತೆ ಯಾಕೆ ಇಡಬೇಕು, ತೊಟ್ಟಿನ ಸೊನೆ ಹಣ್ಣಿನ ಮೇಲೆ ಇಳಿದರೆ ಏನಾಗುತ್ತದೆ ಅಂತೆಲ್ಲ ಅವರು ಹೇಳಿದರು. ಒಂದು ವರ್ಷ ಹೊರಲಾರದಷ್ಟು ಕಾಯಿ ಬಿಟ್ಟ ಮರ ಮರುವರ್ಷ ಸುಮ್ಮನೆ ನಿಂತುಬಿಡುತ್ತದಂತೆ. "ಮರಕ್ಕೂ ದಣಿವು ಆಗತ್ತಲ್ವಾ ಸ್ವಾಮಿ. ಬ್ಯಾಂಕಿನವ್ರಿಗೆ ಅದು ಅರ್ಥ ಆಗಲ್ಲ" ಅಂದು ನಕ್ಕರು. ಹೂವು ಬಿಡುವ ಹೊತ್ತಿಗೆ ಮಳೆ ಬಂದರೆ ಹೂವು ಉದುರುತ್ತದೆ, ಕಾಯಿ ಬಲಿಯುವ ಹೊತ್ತಿಗೆ ಆಲಿಕಲ್ಲು ಬಿದ್ದರೆ ಕಾಯಿ ಉದುರುತ್ತದೆ, ಎರಡೂ ಆಗದಿದ್ದರೆ ಬೆಲೆ ಉದುರುತ್ತದೆ. ಚೀಲ ಬಿಚ್ಚಿ ತಮ್ಮ ಊಟಕ್ಕೆಂದು ಇಟ್ಟುಕೊಂಡಿದ್ದ ಎರಡು ಸಕ್ಕರೆಗುತ್ತಿ ತೆಗೆದರು. ಅಂಗೈಯೊಳಗೆ ಅಡಗುವಷ್ಟು ಚಿಕ್ಕ ಹಣ್ಣು. ಒಂದನ್ನು ನನ್ನ ಕೈಗಿಟ್ಟು, ತೊಟ್ಟು ಕಚ್ಚಿ ಹೀರಲು ಹೇಳಿಕೊಟ್ಟರು. ಬೆಳಿಗ್ಗೆ ಬಂದು ಬಾದಾಮಿ ಗೆದ್ದುಕೊಂಡು ಹೋದವರಿಗೆ ಅದು ಸಿಕ್ಕಿರಲಾರದು. ಮನೆಗೆ ತೋತಾಪುರಿ ಹೊತ್ತು ಹೋದಾಗ ಹೆಂಡತಿ ಚೀಲದೊಳಗೆ ನೋಡಿ, "ಮಾವಿನಹಣ್ಣು ತರ್ತೀನಿ ಅಂತ ಹೋಗಿ ಮಾವಿನಕಾಯಿ ಚಿತ್ರಾನ್ನಕ್ಕೆ ತಂದ್ರಾ?" ಅಂದಳು. ಸಕ್ಕರೆಗುತ್ತಿಯ ವಿಷಯ ನಾನು ಎತ್ತಲಿಲ್ಲ. ಈಗೀಗ ಅಂಚೆಯವರೂ ಮಾವಿನಹಣ್ಣಿನ ಪೆಟ್ಟಿಗೆ ಮನೆಗೆ ತಲುಪಿಸುತ್ತಾರೆ, ಸಾಲಿನಲ್ಲಿ ನಿಲ್ಲುವ ಅಗತ್ಯವೇ ಇಲ್ಲ ಅಂತ ಭಾವನವರು ಹೇಳುತ್ತಾರೆ. ಸಾಲೇ ಇಲ್ಲದಿದ್ದರೆ ನಾನು ನಿಲ್ಲುವುದು ಎಲ್ಲಿ?

ಈ ವರ್ಷದ ಅಣ್ಣಮ್ಮನ ಚಂದಾಕ್ಕೆ ನಿನ್ನೆ ನಮ್ಮ ಕ್ರಾಸಿನ ಹುಡುಗರು ರಸೀದಿ ಪುಸ್ತಕ ಹಿಡಿದು ಬಂದರು. ಇವರೆಲ್ಲ ನನ್ನ ಕಣ್ಣೆದುರು ಚಡ್ಡಿ ಹಾಕಿಕೊಂಡು ಗೋಲಿ ಆಡಿದವರು. ಈಗ ಒಬ್ಬೊಬ್ಬರೂ ಬಾಗಿಲು ತುಂಬುವಷ್ಟು ಬೆಳೆದಿದ್ದಾರೆ. ಅವರಲ್ಲಿ ಮುಖಂಡನಂತಿದ್ದವನು ದರಪಟ್ಟಿ ಒಪ್ಪಿಸಿದ.

"ಐದು ಸಾವಿರ ಕೊಟ್ರೆ ಬ್ಯಾನರಲ್ಲಿ ಫೋಟೋ ಸಾರ್. ಎರಡು ಸಾವಿರಕ್ಕೆ ಹೆಸರು. ಐನೂರಕ್ಕೆ ಮೈಕಲ್ಲಿ ಹೇಳ್ತೀವಿ."

"ಮೈಕಿಗೆ ಒಂದು ಸಾವಿರ ಕೊಡ್ತೀನಪ್ಪ, ಹೇಳದೇ ಇರೋದಕ್ಕೆ" ಅಂದೆ.

"ಸಾರ್, ಸ್ಟೇಜ್ ಹಿಂದೆ ಮನೆ ಇಟ್ಕೊಂಡು ನೀವು ಫೋಟೋ ಇಲ್ದೆ ಇದ್ರೆ ಚೆನ್ನಾಗಿರಲ್ಲ."

ಊರಿನಲ್ಲಿ ಫ್ಲೆಕ್ಸ್ ಬ್ಯಾನರ್ ಕಟ್ಟುವ ಹಾಗಿಲ್ಲವಲ್ಲ ಅಂತ ಕಾನೂನು ನೆನಪಿಸಿದೆ. ಅವನು ಒಂದಿಷ್ಟೂ ತಡವರಿಸದೆ, "ಅದು ಮೇನ್ ರೋಡಿಗೆ ಸಾರ್, ನಮ್ದು ಕ್ರಾಸು" ಅಂದ. ಚರ್ಚೆ ಎರಡು ಸಾವಿರದ ಐನೂರಕ್ಕೆ ಬಂದು ನಿಂತಿತು. ರಿಯಾಯಿತಿಯಲ್ಲಿ ಫೋಟೋ ಹಾಕಬಹುದು, ಆದರೆ ಮೇಲಿನ ಸಾಲುಗಳೆಲ್ಲ ಮುಂಗಡವಾಗಿ ಹೋಗಿವೆ, ಕೊನೆಯ ಸಾಲಿನಲ್ಲಿ ಬಲತುದಿಗೆ ಒಂದು ಜಾಗವಿದೆ, ಅಲ್ಲೂ ಬಾಳೆಕಂಬದ ಚಿತ್ರ ಅರ್ಧ ಅಡ್ಡ ಬರುತ್ತದೆ ಅಂತ ಪ್ರಾಮಾಣಿಕವಾಗಿ ತಿಳಿಸಿದ.

ಹೆಂಡತಿ ಒಳಗಿನಿಂದ ನನ್ನ ಹಳೆಯ ಪಾಸ್‌ಪೋರ್ಟ್ ಅಳತೆಯ ಫೋಟೋ ಹುಡುಕಿ ತಂದಳು. ಅದರಲ್ಲಿ ತಲೆತುಂಬ ಕೂದಲಿದೆ. ಹುಡುಗರು ಫೋಟೋ ನೋಡಿದರು, ನನ್ನನ್ನು ನೋಡಿದರು, ಮತ್ತೆ ಫೋಟೋ ನೋಡಿದರು.

"ಆಂಟಿ, ಇದು ಯಾರು?" ಅಂದ ಮುಖಂಡ.

"ಹಾಕ್ರೋ ಸುಮ್ನೆ" ಅಂದಳು ಅವಳು. "ಬಾಳೆಕಂಬ ಅಡ್ಡ ಇರತ್ತಲ್ಲ, ಯಾರಿಗೂ ಗೊತ್ತಾಗಲ್ಲ."